ಉಡುಪಿಯಲ್ಲಿ ಇಳಿಯದ ಸುಮತಿಯಕ್ಕ

ಬಸ್ಸು, ಲಾರಿ, ರೈಲು ಯಾವುದು ಕಂಡರೂ ಸುಮತಿಯಕ್ಕನ ಬಾಯಿಂದ ಮೊದಲು ಬರುತ್ತಿದ್ದ ಮಾತು, "ಇದು ಕೊನೆಗೆ ಎಲ್ಲಿಗೆ ಹೋಗ್ತದೆ?" ಭಿವಂಡಿಯಿಂದ ಬಟ್ಟೆಯ ಗಂಟು ಹೇರಿಕೊಂಡು ಬಂದ ಲಾರಿಯೊಂದು ನಮ್ಮ ಡೊಂಬಿವಲಿಯ ಗಲ್ಲಿಯಲ್ಲಿ ಕೆಟ್ಟು ನಿಂತಾಗ ಡ್ರೈವರನಿಗೆ ಚಹಾ ಕೊಟ್ಟು, ಹರಕು ಹಿಂದಿಯಲ್ಲಿ ಅವನ ದಾರಿಯ ಊರುಗಳನ್ನೆಲ್ಲ ಹೇಳಿಸಿಕೊಂಡಿದ್ದರು. ಅವರ ಗಂಡ ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರ್. ಅಕ್ಕ ಮನೆಯಲ್ಲೇ ಇಡ್ಲಿ ಹಿಟ್ಟು ರುಬ್ಬಿ ಮಾರುತ್ತಿದ್ದರು. ಬೇಲಾಪುರದ ಆಫೀಸಿನಿಂದ ಸೋತು ಬರುತ್ತಿದ್ದ ನನಗೆ ಎದುರುಮನೆಯ ಆ ಬಾಗಿಲು ತೆರೆದಿದ್ದರೆ ಸಾಕಿತ್ತು.

ಇಷ್ಟು ಊರು ವಿಚಾರಿಸುವವರು ಕಂಡದ್ದು ಮಾತ್ರ ಡೊಂಬಿವಲಿ ಮತ್ತು ಉಡುಪಿ ಸೀಮೆ. ಪ್ರತಿ ಮೇ ತಿಂಗಳು ಅತ್ತೆಮನೆಗೆ ಹೋಗಿ, ಹಪ್ಪಳ ಸಂಡಿಗೆ ಮಾಡಿಟ್ಟು ವಾಪಸು. ಅವರ ಅಪ್ಪನಾದರೋ ಉಡುಪಿ ಕಡೆಯ ಹಂಗಾರಕಟ್ಟೆ ಬಂದರಿನಿಂದ ಮಂಜಿ ಎನ್ನುವ ಹಾಯಿ ಹಡಗಿನಲ್ಲಿ ಹೆಂಚು ತುಂಬಿಕೊಂಡು ಕೊಚ್ಚಿಯವರೆಗೆ ಹೋಗುತ್ತಿದ್ದವರು.

"ಪೋರ್ಚುಗೀಸರ ಇಗರ್ಜಿ, ಡಚ್ಚರ ಬಂಗ್ಲೆ, ಒಂದು ಓಣಿ ಇಡೀ ಒಣಶುಂಠಿ ವಾಸನೆ ಅಂತ ಹೇಳ್ತಿದ್ರು. ದೊಡ್ಡವಳಾಗು, ಕರ್ಕೊಂಡು ಹೋಗ್ತೇನೆ ಅಂತಿದ್ರು. ದೊಡ್ಡವಳಾದೆ, ಮದುವೆ ಮಾಡಿ ಕೊಟ್ರು!" ಎಂದು ಅಕ್ಕ ನಗುತ್ತಿದ್ದರು.

೨೦೦೮ರ ಬೇಸಿಗೆಯಲ್ಲಿ ಒಂದು ಸಂಜೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು: "ಈ ಸಲ ಎರ್ನಾಕುಲಂವರೆಗೆ ಟಿಕೇಟು ತೆಗಿ ಮಾರಾಯ್ತಿ. ನೀನೂ ಬಾ. ಇವರಿಗೆ ಹೇಳಿದ್ದೇನೆ. ಅತ್ತೆಮನೆಯವರಿಗೆ ಈಗಲೇ ಹೇಳಿದ್ರೆ ಬಿಡ್ಲಿಕ್ಕಿಲ್ಲ."

ಠಾಣೆಯಲ್ಲಿ ರೈಲು ಹತ್ತಿದೆವು. ಮರುದಿನ ಉಡುಪಿಯಲ್ಲಿ ಅವರ ಮೈದುನ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದ. ಅಕ್ಕ ಬಾಗಿಲಲ್ಲೇ ನಿಂತು ಚೀಲಗಳನ್ನು ಒಂದೊಂದಾಗಿ ಅವನ ಕೈಗೆ ದಾಟಿಸಿದರು.

"ಇಳೀರಿ ಅತ್ತಿಗೆ, ಗಾಡಿ ಬಿಡ್ತದೆ!"

"ಇದು ಅತ್ತೆಯ ಸೀರೆ, ಇದು ಮಕ್ಕಳ ಚಕ್ಕುಲಿ. ಹಿಡ್ಕೊ. ನಾನು ನಾಲ್ಕು ದಿನ ಬಿಟ್ಟು ಬರ್ತೇನೆ."

"ಎಲ್ಲಿಗೆ ಹೋಗುದು?"

"ಕೊಚ್ಚಿಗೆ!"

"ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಮಾರಾಯ!"

ರೈಲು ಹೊರಟಿತು. ಎರಡೂ ಕೈಯಲ್ಲಿ ಚೀಲ ಹಿಡಿದು ಬಾಯಿ ಬಿಟ್ಟು ನಿಂತ ಮೈದುನ ಸಣ್ಣದಾಗುತ್ತ ಹೋದ. ಅಕ್ಕ ಬಾಗಿಲಿನಿಂದ ಒಳಗೆ ಬಂದರು. "ಅತ್ತೆ ಬೈತಾರೆ," ಎಂದರು. ಕಿಟಕಿಯ ಪಕ್ಕ ಕೂತು, "ಬೈಲಿ," ಎಂದರು. ಮಂಗಳೂರು ದಾಟಿದ ಮೇಲಂತೂ ಕೂತದ್ದೇ ಇಲ್ಲ. ಹೊಳೆ ಬಂದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದರು.

ಎರ್ನಾಕುಲಂನಿಂದ ದೋಣಿಯಲ್ಲಿ ಕೊಚ್ಚಿಯ ಹಳೆ ಪೇಟೆ ಮಟ್ಟಾಂಚೇರಿಗೆ ದಾಟಿದೆವು. ಹಳೆಯ ಗೋದಾಮುಗಳ ಓಣಿಗೆ ತಿರುಗುತ್ತಿದ್ದಂತೆ ಶುಂಠಿ, ಕಾಳುಮೆಣಸಿನ ಘಾಟು ಮೂಗಿಗೆ ಬಡಿಯಿತು. ಅಕ್ಕ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದರು. "ಉಂಟು! ಅಪ್ಪ ಹೇಳಿದ್ದು ಎಲ್ಲ ಉಂಟು!" ಎಂದು ಕೂಗಿದರು. ಗೋದಾಮಿನ ಮಾಡಿನ ಹೆಂಚುಗಳನ್ನು ಕತ್ತೆತ್ತಿ ನೋಡಿ, ಶುಂಠಿ ಆರಿಸುತ್ತಿದ್ದ ಹೆಂಗಸರಿಗೆ ಅಚ್ಚ ಕನ್ನಡದಲ್ಲೇ, "ಈ ಹೆಂಚು ತಂದದ್ದು ನನ್ನ ಅಪ್ಪ ಆಗಿರ್ಬಹುದು," ಎಂದು ಹೇಳಿದರು. ಅವರಿಗೆ ಏನು ಅರ್ಥವಾಯಿತೋ, ಜಾಗ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡರು.

ಕೊಚ್ಚಿ ಕೋಟೆಯ ಕಡೆಯ ಕಡಲತೀರದಲ್ಲಿ, ಮರದ ತೊಲೆಗಳಿಗೆ ಕಟ್ಟಿದ ದೊಡ್ಡ ಚೀನಾ ಬಲೆ ಎಳೆಯುವವರನ್ನು ಕಂಡದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೂ ಹಗ್ಗ ಹಿಡಿದುಬಿಟ್ಟರು. "ಎಳಿ ಮಾರಾಯ್ತಿ, ನೋಡ್ತಾ ನಿಲ್ಬೇಡ!" ನಾನೂ ಎಳೆದೆ. ಬಲೆ ಮೇಲೆದ್ದಾಗ ನಾಲ್ಕಾರು ಸಣ್ಣ ಮೀನು ಮಾತ್ರ ಇದ್ದವು. ಅಕ್ಕ ಕುಣಿದದ್ದು ನೋಡಿದವರು ತಿಮಿಂಗಿಲ ಸಿಕ್ಕಿತೆಂದುಕೊಳ್ಳಬೇಕು.

ವಾಪಸು ಉಡುಪಿಗೆ ಹೋದಾಗ ಅತ್ತೆ ಒಂದು ದಿನ ಮಾತಾಡಲಿಲ್ಲ. ಮರುದಿನ ಹಪ್ಪಳ ಒತ್ತುತ್ತ, "ಆಯ್ತು, ಏನೆಲ್ಲ ನೋಡಿದಿ ಹೇಳು," ಎಂದರು.

ಅಲ್ಲಿಂದ ಮುಂದೆ ಅಕ್ಕ ವರ್ಷಕ್ಕೊಂದು ಊರು ನೋಡತೊಡಗಿದರು. ನನಗೆ ನಾಗಪುರಕ್ಕೆ ವರ್ಗವಾಯಿತು. ಅವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂದದ್ದು ಅಲ್ಲಿಗೆ.

ನಾನು ನಾಗಪುರಕ್ಕೆ ಹೊರಡುವ ಮುಂಚೆ ಅವರನ್ನು ಕೊನೆಯ ಸಲ ನೋಡಿದ್ದು ಕಲ್ಯಾಣ ಸ್ಟೇಷನ್ನಿನಲ್ಲಿ. ಭಜನಾ ಮಂಡಳಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಪುದುಚೇರಿಗೆ ಹೊರಟಿದ್ದರು. "ಫ್ರೆಂಚರ ಊರಂತೆ, ರಸ್ತೆ ಎಲ್ಲ ಗೆರೆ ಎಳೆದ ಹಾಗೆ ಉಂಟಂತೆ!" ಎಂದು ಕಿಟಕಿಯಿಂದ ಕೂಗಿದರು. ರೈಲು ಹೊರಟಾಗ ನಾನು ಕೈ ಎತ್ತಿದೆ. ಅಕ್ಕ ಆಗಲೇ ಆಚೆ ಬದಿಯ ಕಿಟಕಿಗೆ ಹೋಗಿ, ನನಗೆ ಬೆನ್ನು ಹಾಕಿ, ಹೊರಗೆ ನೋಡುತ್ತಿದ್ದರು.