ಸಪ್ಪಳಕ್ಕೊಂದು ಪರವಾನಗಿ

“ಹೊಲಾ ಇಲ್ದಾಂವಗ ಬಂದೂಕಿನ ಪರವಾನಗಿ? ಈ ಜನ್ಮದಾಗ ಆಗಂಗಿಲ್ಲ ಬಿಡು,” ಎಂದು ಮೊದಲು ನಕ್ಕವರು ನಮ್ಮೂರ ಗೌಡರು.

ಪರವಾನಗಿ ಬೇಕೆಂದವನು ಬೇವೂರು ಕಡೆಯ ಶೇಂಗಾ ಹೊಲಗಳ ಕಾವಲುಗಾರ. ಅವುಗಳಲ್ಲಿ ಒಂದು ಗೇಣೂ ಅವನದಲ್ಲ. ಸಂಜೆ ಅಟ್ಟಣಿಗೆ ಹತ್ತಿ, ಅಂಗೈ ಬಾಯಿಗಿಟ್ಟು ಕೂಗಿದರೆ ಕಾಡುಹಂದಿಗಳು ಗುಡ್ಡ ಸೇರುತ್ತಿದ್ದವು. ಗಂಟಲಿನ ಆಪರೇಷನ್ ಆಗಿ ದನಿಯೇ ಹೋಯಿತು. “ಬಂದೂಕ ತಂದ್ರ ಇರು, ಇಲ್ಲಾಂದ್ರ ಬ್ಯಾರೇದವ್ರನ್ನ ನೋಡ್ತೀವಿ,” ಎಂದರು ಹೊಲದವರು. ಅವನಿಗೆ ಮನೆಯೆಂದರೂ ಆ ಅಟ್ಟಣಿಗೆಯೇ.

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ಅವನ ಅರ್ಜಿ ಬರೆಯಲು ಕೂತೆ. ಸರ್ವೇ ನಂಬರಿನ ಜಾಗದಲ್ಲಿ ಪೆನ್ನು ನಿಂತಿತು.

“ಖಾಲಿ ಬಿಡು ತಮ್ಮಾ. ಕೊಲ್ಲಾಕಲ್ಲ, ಸಪ್ಪಳಕ್ಕ,” ಎಂದು ಪಿಸುಗುಟ್ಟಿದ. ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಿದ್ದ. ನಾನು ಹೊಲದವರ ಒಪ್ಪಿಗೆ ಪತ್ರ ಬರೆಸಿ ಅರ್ಜಿಗೆ ಲಗತ್ತಿಸಿದೆ.

ಯಲಬುರ್ಗಾ ತಹಶೀಲ್ದಾರ ಕಚೇರಿಯಲ್ಲಿ ಸಾಹೇಬರು, “ಕೂಗಿ ಓಡಸಪಾ, ಬಂದೂಕ ಯಾಕ?” ಎಂದರು. ಆತ ಅಂಗೈ ಬಾಯಿಗಿಟ್ಟು, ಕತ್ತಿನ ನರ ಉಬ್ಬುವಂತೆ ಕೂಗಿದ. ಬರೀ ಗಾಳಿ ಬಂತು. ಸಾಹೇಬರು ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅದರ ಮೇಲೆಯೇ ಶಿಫಾರಸು ಬರೆದರು.

ತಿಂಗಳುಗಳ ಮೇಲೆ, ಆಗಿನ್ನೂ ನಮ್ಮ ಜಿಲ್ಲಾ ಕೇಂದ್ರವಾಗಿದ್ದ ರಾಯಚೂರಿನಿಂದ ಪರವಾನಗಿ ಬಂತು. ಊರಂಚಿನಲ್ಲಿದ್ದ ಅವನ ತಂಗಿಯ ಮನೆಯ ಕಟ್ಟೆಯ ಮೇಲೆ ಅದನ್ನು ಅವನ ಕೈಗಿಟ್ಟೆ. ಮಡಚಿದ್ದನ್ನು ಬಿಚ್ಚದೆ ಎದೆಗೊತ್ತಿ ಹಿಡಿದ.

ತಂಗಿ ಒಳಗಿನಿಂದ ಬಂದು ಹೇಳಿದಳು: “ದಿನಾ ಸಂಜೀಕ ಒಂದ ಗುಂಡ ಹಾರಸಣ್ಣಾ. ನಿನ್ನ ಕೂಗು ನಿಂತಾಗಿಂದ, ಅಲ್ಲಿ ನೀ ಅದಿಯೋ ಇಲ್ಲೋ ನನಗ ತಿಳೀವಲ್ದು.”