ಡಬ್ಬಿಯಲ್ಲಿ ಉಳಿಯುತ್ತಿದ್ದ ಅಕ್ಕಿ

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ದಾಟಿಸಿದವಳು ನಾನು. ಕೇಳಿಸಿಕೊಳ್ಳುವುದು ನನಗೆ ಚಟವಲ್ಲ, ಕಸುಬು. ಆದ್ದರಿಂದ ನಮ್ಮ ಮಹಡಿಯ ಮೇಲಿನ ಒಂದೂವರೆ ಕೋಣೆಗೆ ಆ ಬುಕ್ ಬೈಂಡರ್ ತನ್ನ ಮಗಳನ್ನು ಕರೆದುಕೊಂಡು ಬಾಡಿಗೆಗೆ ಬಂದ ಮೇಲೆ, ಪ್ರತಿ ಶನಿವಾರ ಸಂಜೆ ನಾನು ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದೆ ಎಂದರೆ ಅದಕ್ಕೆ ಯಾರೂ ಬೇರೆ ಅರ್ಥ ಕಟ್ಟಬಾರದು. ಮೆಟ್ಟಿಲಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಶನಿವಾರ ಪ್ರೆಸ್ಸಿನಲ್ಲಿ ಬಟವಾಡೆ. ಅವನು ಸಂಬಳದ ಲಕೋಟೆ ತಂದು ಬಾಡಿಗೆ, ಕರೆಂಟು, ಬಸ್ಸು, ಸ್ಕೂಲು ಎಂದು ತೆಗೆದಿಟ್ಟು, ಮಿಕ್ಕಿದ್ದನ್ನು ಹನ್ನೊಂದು ವರ್ಷದ ಮಗಳ ಕೈಗೆ ಕೊಡುತ್ತಿದ್ದ. ಅಲ್ಲಿಂದ ಅವರ ಸಭೆ ಶುರು.

"ಎಣ್ಣೆ ಯಾಕಪ್ಪಾ ಇಷ್ಟು ಬೇಗ ಖಾಲಿ?"

"ಆಲೂಗಡ್ಡೆ ಹುರಿದಿದ್ದೆ ಮಂತ್ರಿಗಳೇ. ತಪ್ಪಾಯ್ತು."

"ಹುರಿಯೋದು ಹದಿನೈದು ದಿನಕ್ಕೊಂದ್ಸಲ ಅಂತ ಮಾತಾಗಿತ್ತಲ್ವಾ? ಈ ವಾರ ಎಣ್ಣೆ ಅರ್ಧ ಕಟ್."

"ಅರ್ಧ ಬೇಡಿ ಸ್ವಾಮಿ, ಕಾಲು ಭಾಗ ಮಾಡಿ. ಬಡವ ಬದುಕ್ಬೇಕು."

ಮೊದಮೊದಲು ನನಗೆ ಮೈ ಉರಿದುಹೋಗಿತ್ತು. ಆಡುವ ವಯಸ್ಸಿನ ಹುಡುಗಿಯ ತಲೆಗೆ ಬೇಳೆ ಬೆಲ್ಲದ ಲೆಕ್ಕ ಕಟ್ಟಿದ್ದಾನಲ್ಲ, ಇವನೆಂಥ ಅಪ್ಪ ಎಂದು. ಒಂದು ದಿನ ಅವಳ ಜೊತೆ ಅಂಗಡಿಗೆ ಹೋದೆ. ಹೋಗುವ ಮುಂಚೆ ಅವಳು ನನ್ನನ್ನೇ ವಿಚಾರಿಸಿಕೊಂಡಳು.

"ದೊಡ್ಡಮ್ಮ, ಏನಾದ್ರೂ ತಿಂದಿದ್ದೀರಾ?"

"ಇಲ್ಲ, ಯಾಕೆ?"

"ತಿಂದು ಬನ್ನಿ. ಹಸ್ಕೊಂಡು ಅಂಗಡಿಗೆ ಹೋದ್ರೆ ಕಂಡಿದ್ದೆಲ್ಲಾ ಬೇಕು ಅನ್ಸತ್ತೆ. ಅಪ್ಪ ಹಾಗೇ ಹಾಳಾಗಿದ್ದು."

ವಿಷಯ ಹೀಗೆ: ಅವಳ ತಾಯಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷ. ಶುರುವಿನಲ್ಲಿ ಅವನು ಕೆಲಸ ಮುಗಿಸಿ, ಹಸಿದ ಹೊಟ್ಟೆಯಲ್ಲೇ ಅಂಗಡಿಗೆ ನುಗ್ಗಿ, ಬಿಸ್ಕತ್ತು, ಜಾಮು, ದೊಡ್ಡ ಪ್ಯಾಕೆಟ್ಟಿನ ಏನೇನೋ ತಂದುಹಾಕುತ್ತಿದ್ದನಂತೆ. ಬುಧವಾರಕ್ಕೆ ದುಡ್ಡೂ ಇಲ್ಲ, ಬೇಳೆಯೂ ಇಲ್ಲ. ಅಂಥ ನಾಲ್ಕೈದು ಬುಧವಾರ ಕಂಡ ಮೇಲೆ ಹುಡುಗಿ ತಾನೇ ಪರ್ಸು ಕೇಳಿ ಇಸಿದುಕೊಂಡಿದ್ದಾಳೆ. ಅವನು ತಲೆಗೆ ಕಟ್ಟಿದ್ದಲ್ಲ, ಅವಳೇ ಕಿತ್ತುಕೊಂಡದ್ದು. ನನ್ನ ಸಿಟ್ಟನ್ನು ಅಂದೇ ವಾಪಸ್ಸು ತೆಗೆದುಕೊಂಡೆ.

ಅವಳ ವ್ಯಾಪಾರ ನೋಡುವಂತಿತ್ತು. ನೆನ್ನೆಯ ಬ್ರೆಡ್ಡು ಕಡಿಮೆಗೆ ಸಿಗುತ್ತದೆ. ತರಕಾರಿಗೆ ಅಂಗಡಿಯವನು ಬುಟ್ಟಿ ಎತ್ತಿಡುವ ಹೊತ್ತಿಗೆ ಹೋಗಬೇಕು. ಬಿರುಕು ಬಿಟ್ಟ ಮೊಟ್ಟೆಗೆ ಅರ್ಧ ಬೆಲೆ. ಅದಕ್ಕಾಗಿ ಅವಳು ಮುಚ್ಚಳವಿರುವ ಒಂದು ಪಾತ್ರೆಯನ್ನೇ ಒಯ್ಯುತ್ತಿದ್ದಳು, ಅಂಗಡಿಯವನು ಮೊಟ್ಟೆಯನ್ನು ಅದರೊಳಗೇ ಒಡೆದು ಹಾಕುತ್ತಿದ್ದ. "ಎಂಟು ಹಾಕಿ. ಏಳು ಬಿತ್ತು, ನಾನು ಎಣಿಸ್ತಾ ಇದ್ದೀನಿ," ಎಂದು ಅವಳು ಹೇಳಿದಾಗ ಆ ಮನುಷ್ಯ ನನ್ನ ಕಡೆ ನೋಡಿ ಹಣೆ ಒರೆಸಿಕೊಂಡ. ಅಕ್ಕಿಗೆ ಮಾತ್ರ ಅವಳದೇ ಒಂದು ಕ್ರಮ. ಮನೆಯ ಗಾಜಿನ ಡಬ್ಬಿಯ ಹೊರಗೆ ಅಪ್ಪ ತಂದ ಕಾಗದದ ಪಟ್ಟಿ ಅಂಟಿಸಿದ್ದಳು. ಪ್ರತಿ ಶನಿವಾರ ಅಕ್ಕಿ ಎಲ್ಲಿಗೆ ಇಳಿದಿದೆಯೋ ಅಲ್ಲಿ ಪೆನ್ಸಿಲ್ ಗೆರೆ. ಉಳಿದಿದ್ದರೆ ಮುಂದಿನ ವಾರ ಅಷ್ಟು ಕಡಿಮೆ ಕೊಳ್ಳುವುದು. ದೊಡ್ಡ ದೊಡ್ಡ ಆಫೀಸುಗಳಲ್ಲೂ ಇಷ್ಟು ಶಿಸ್ತು ನಾನು ಕಂಡಿಲ್ಲ.

ಇಷ್ಟೆಲ್ಲ ಯಾಕೆ ಎಂದು ಕೇಳಿದರೆ, ಅದಕ್ಕೊಂದು ಕಾರಣ ಪ್ರತಿ ತಿಂಗಳ ಮೊದಲ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬಂದು ಇಳಿಯುತ್ತಿತ್ತು. ಹುಡುಗಿಯ ಅಜ್ಜಿ, ತಾಯಿಯ ತಾಯಿ. ಹಾಸ್ಟೆಲ್ಲೊಂದರ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸೌಟು ಹಿಡಿದ ಹೆಂಗಸು. ನೂರು ಜನ ಗಂಡುಹುಡುಗರನ್ನು ಒಂದೇ ನೋಟಕ್ಕೆ ಸುಮ್ಮನಾಗಿಸಿದ ಕಣ್ಣು. ಬಂದವಳೇ ನೀರೂ ಕುಡಿಯದೆ ಮೊಮ್ಮಗಳ ಕೈ ಹಿಡಿದು ಬೀದಿ ತುದಿಯ ಔಷಧಿ ಅಂಗಡಿಗೆ ಹೋಗಿ ತೂಕದ ಮೆಷಿನ್ ಮೇಲೆ ನಿಲ್ಲಿಸುತ್ತಿದ್ದಳು. ಆರು ತಿಂಗಳ ಹಿಂದೆ ಅಳಿಯನಿಗೆ ಅವಳು ಹೇಳಿದ್ದನ್ನು ನಾನು ಮೆಟ್ಟಿಲಲ್ಲೇ ಕೇಳಿಸಿಕೊಂಡಿದ್ದೆ.

"ನಿನ್ನ ಕೈಲಿ ಆಗಲ್ಲ ಅಂತ ನಾನು ಹೇಳ್ತಿಲ್ಲ. ಮೆಷಿನ್ನೇ ಹೇಳ್ಲಿ. ಒಂದೇ ಒಂದ್ಸಲ ಮಗು ತೂಕ ಇಳೀತು ಅಂದ್ರೆ ನಾನು ಕರ್ಕೊಂಡು ಹೋಗ್ತೀನಿ. ಆಮೇಲೆ ನನ್ನ ಹತ್ರ ಮಾತಿಲ್ಲ."

"ಆಗ್ಲಿ ಅತ್ತೆ," ಎಂದಿದ್ದ ಅವನು. ಅಷ್ಟೇ.

ಅದಾದ ಮೂರು ತಿಂಗಳಿಗೆ ಪ್ರೆಸ್ಸಿನಲ್ಲಿ ಕೆಲಸ ಇಳಿದು ಓವರ್‌ಟೈಮ್ ನಿಂತಿತು. ಲಕೋಟೆ ತೆಳ್ಳಗಾಯಿತು. ವಿಚಿತ್ರವೆಂದರೆ, ಆಗಿನಿಂದಲೇ ಡಬ್ಬಿಯಲ್ಲಿ ಅಕ್ಕಿ ಉಳಿಯತೊಡಗಿತು. ಹುಡುಗಿ ಕುಣಿದುಕೊಂಡು ಕೆಳಗೆ ಬಂದಳು.

"ದೊಡ್ಡಮ್ಮ, ಇಷ್ಟು ದಿನ ನಾವು ಸುಮ್ಮನೆ ಜಾಸ್ತಿ ಅಕ್ಕಿ ತರ್ತಿದ್ವಿ! ಕಡಿಮೆ ಮಾಡ್ದೆ. ಆ ದುಡ್ಡಲ್ಲಿ ಬಾಳೆಹಣ್ಣು ಬಂತು."

ಮುಂದಿನ ತಿಂಗಳೂ ಉಳಿಯಿತು. ಮತ್ತೆ ಕಡಿಮೆ ಮಾಡಿದಳು, ಹಾಲು ಕಾಲು ಲೀಟರ್ ಹೆಚ್ಚಾಯಿತು. ಮೂರನೆಯ ತಿಂಗಳೂ ಉಳಿಯಿತು. ಅವಳಿಗೆ ಹೆಮ್ಮೆ, ನನಗೆ ತಲೆಯಲ್ಲಿ ಹುಳ. ಬೆಳೆಯುವ ಹುಡುಗಿ, ದಿನವಿಡೀ ನಿಂತು ದುಡಿಯುವ ಗಂಡಸು, ಬರುಬರುತ್ತ ಕಡಿಮೆ ಉಣ್ಣುವುದು ಹೇಗೆ? ಇಲಿ ತಿಂದರೆ ಅಕ್ಕಿ ಕಮ್ಮಿಯಾಗುತ್ತದೆ. ಉಳಿಸಿ ಹೋಗುವ ಇಲಿಯನ್ನು ನಾನು ಕಂಡಿಲ್ಲ.

"ನಿಮ್ಮಪ್ಪ ಮಧ್ಯಾಹ್ನ ಊಟದ ಡಬ್ಬಿ ಒಯ್ಯಲ್ವಾ?" ಎಂದು ಕೇಳಿದೆ.

"ಈಗ ಇಲ್ಲ. ಪ್ರೆಸ್ ಸಾಹುಕಾರ್ರೇ ಊಟ ಕೊಡ್ತಿದ್ದಾರಂತೆ. ಸಂಜೆಗೂ ಬನ್ನು, ಟೀ. ಅದಕ್ಕೇ ಅಪ್ಪನಿಗೆ ರಾತ್ರಿ ಹಸಿವೇ ಇರಲ್ಲ."

ಆ ಸಾಹುಕಾರ ನನಗೆ ಗೊತ್ತಿಲ್ಲದವನೇ? ಎಕ್ಸ್‌ಚೇಂಜಿನ ಕಾಲದಲ್ಲಿ ಟ್ರಂಕ್ ಕಾಲ್ ಮೂರು ನಿಮಿಷ ಮುಟ್ಟುವ ಮೊದಲೇ, ಸ್ವಂತ ತಮ್ಮ ಮಾತಾಡುತ್ತಿದ್ದರೂ, ದುಡ್ಡು ಏರೀತೆಂದು ಫೋನ್ ಇಟ್ಟುಬಿಡುತ್ತಿದ್ದ ಆಸಾಮಿ. ಅವನು ಊಟ ಕೊಡುತ್ತಾನೆಂದರೆ ಸೂರ್ಯನನ್ನೇ ವಿಚಾರಿಸಬೇಕು, ಎಲ್ಲಿ ಹುಟ್ಟಿದೆಯಪ್ಪಾ ಎಂದು. ಬೆನ್ನು ಕಿತ್ತುಹೋಗಿದ್ದ ನನ್ನ ಹಳೆಯ ನಿಘಂಟನ್ನು ಚೀಲಕ್ಕೆ ಹಾಕಿಕೊಂಡು, ಮಾರನೆಯ ದಿನ ಸರಿಯಾಗಿ ಒಂದು ಗಂಟೆಗೆ ಪ್ರೆಸ್ಸಿಗೆ ಹೋದೆ.

ಮೆಷಿನ್ನುಗಳು ನಿಂತಿದ್ದವು. ಕೆಲಸದವರು ಕಾಗದದ ರಾಶಿಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಡಬ್ಬಿ ಬಿಚ್ಚಿದ್ದರು. ಅವನೊಬ್ಬ ಹಿಂದಿನ ಮೂಲೆಯಲ್ಲಿ ಒಲೆಯ ಮುಂದೆ ನಿಂತು ಮೈದಾ ಅಂಟು ಕಾಯಿಸುತ್ತಿದ್ದ. ಪುಸ್ತಕಕ್ಕೆ ಹುಳ ಬೀಳದಿರಲೆಂದು ಅದಕ್ಕೆ ಮೈಲುತುತ್ತದ ವಿಷ ಬೆರೆಸುತ್ತಾರೆ, ನಾಲಿಗೆಗೆ ಸೋಕಿಸುವಂತಿಲ್ಲ. ಬೆಂದ ಹಿಟ್ಟಿನ ಘಮ ಮಾತ್ರ ಕೋಣೆಯೆಲ್ಲ ತುಂಬಿತ್ತು. ಅವನು ಮುಖ ಆ ಕಡೆ ತಿರುಗಿಸಿಕೊಂಡು ಕಲಕುತ್ತಿದ್ದ.

ಬಾಗಿಲ ಪಕ್ಕದಲ್ಲಿ ಉಣ್ಣುತ್ತಿದ್ದ ಮುದುಕ ಕಂಪಾಸಿಟರ್‌ನನ್ನು ಕೇಳಿದೆ, "ಅವನದು ಊಟ ಆಯ್ತಾ?"

"ಮನೇಲೇ ಮುಗಿಸ್ಕೊಂಡು ಬರ್ತಾನಮ್ಮ. ಮಗಳು ಬೆಳಿಗ್ಗೆಯೇ ಬಿಸಿಬಿಸಿ ಹಾಕ್ತಾಳಂತೆ. ಪುಣ್ಯವಂತ."

ಮನೆಯಲ್ಲಿ ಪ್ರೆಸ್ಸಿನ ಊಟ, ಪ್ರೆಸ್ಸಿನಲ್ಲಿ ಮನೆಯ ಊಟ. ಎರಡು ಲೈನನ್ನು ಸೇರಿಸಿ ನೋಡುವವರು ನಡುವೆ ಯಾರೂ ಇರಲಿಲ್ಲ, ನಾನೊಬ್ಬಳು ಬಿಟ್ಟು. ಹತ್ತಿರ ಹೋದೆ. ಅವನ ಬೆಲ್ಟಿನಲ್ಲಿ ಎರಡು ಹೊಸ ತೂತುಗಳಿದ್ದವು, ಪುಸ್ತಕ ಹೊಲಿಯುವ ದಬ್ಬಳದಲ್ಲೇ ಚುಚ್ಚಿದ್ದು.

"ಎಷ್ಟು ದಿನದಿಂದ ನಡೀತಿದೆ ಇದು?" ಎಂದೆ.

ಅವನು ನಿಘಂಟನ್ನು ತೆಗೆದುಕೊಂಡು ಬೆನ್ನು ಸವರಿ ನೋಡಿದ. ಸುಳ್ಳು ಹೇಳಲು ಹೊರಟವನು ನನ್ನ ಮುಖ ನೋಡಿ ಕೈಬಿಟ್ಟ.

"ಸಂಬಳ ಕಮ್ಮಿ ಆದಾಗ ವಾರದ ಕೊನೇಲಿ ಅವಳಿಗೆ ಅನ್ನ ಸಾಲದೇ ಹೋಗ್ಬಾರ್ದು ಅಂತ ನನ್ನ ಡಬ್ಬೀಲಿ ಅರ್ಧ ಹಾಕ್ಕೊಂಡೆ, ಅಮ್ಮಾ. ಒಂದಿಷ್ಟು ಅಕ್ಕಿ ಇರ್ಲಿ ಅಂತ. ಆದ್ರೆ ನಮ್ಮ ಮಂತ್ರಿ ಬಿಡ್ತಾಳಾ? ಉಳೀತು ಅಂತ ಮುಂದಿನ ವಾರ ಅಷ್ಟೂ ಕಟ್. ಮತ್ತೆ ಸಾಲಲ್ಲ. ಮತ್ತೆ ನಾನು ಬಿಡ್ಬೇಕು. ಮತ್ತೆ ಉಳೀತು. ಮತ್ತೆ ಕಟ್."

ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು. ನನಗೆ ನಗು ಬರಲಿಲ್ಲ. ಅವನ ಕೆನ್ನೆಗೊಂದು ಬಿಡುವಷ್ಟು ಸಿಟ್ಟು ಬಂತು.

"ಬಾಯಿ ಬಿಟ್ಟು ಹೇಳೋದಲ್ವೇನೋ?"

"ಹೇಳಿದ್ರೆ ಅವಳು ಊಟ ಬಿಡ್ತಾಳೆ. ತೂಕ ಇಳಿಯತ್ತೆ. ಅತ್ತೆ ಕರ್ಕೊಂಡು ಹೋಗ್ತಾರೆ. ಆಮೇಲೆ ನಾನು ಆ ಮನೆಗೆ ಯಾಕೆ ಹೋಗ್ಲಿ ಹೇಳಿ?" ಎಂದವನು ದನಿ ತಗ್ಗಿಸಿದ. "ಹೇಳ್ಬೇಡಿ ಅಮ್ಮಾ. ನಿಮಗೆ ಕೈ ಮುಗೀತೀನಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಎಕ್ಸ್‌ಚೇಂಜಿನಲ್ಲಿ ಎಷ್ಟೋ ಸಂಸಾರದ ಗುಟ್ಟು ಕೇಳಿದ್ದೇನೆ, ಒಂದನ್ನೂ ಹೊರಗೆ ಬಿಟ್ಟವಳಲ್ಲ. ಆದರೆ ಲೈನು ಜೋಡಿಸುವುದು ಬೇರೆ, ಗುಟ್ಟು ಹೇಳುವುದು ಬೇರೆ. ಅಜ್ಜಿ ಬರುವ ಭಾನುವಾರಕ್ಕೆ ಇನ್ನು ಮೂರು ದಿನ ಇತ್ತು. ಆ ಮೂರು ದಿನವೂ ಏನಾದರೊಂದು ನೆಪ ಹೇಳಿ ಅವನನ್ನು ಊಟಕ್ಕೆ ಕರೆದೆ. ಅವನೂ ಏನಾದರೊಂದು ನೆಪ ಹೇಳಿ ಬರಲಿಲ್ಲ.

ಭಾನುವಾರ ಅಜ್ಜಿ, ಮೊಮ್ಮಗಳು, ಬೈಂಡರ್ ಮೂವರ ಜೊತೆ ನಾನೂ ಔಷಧಿ ಅಂಗಡಿಗೆ ಹೊರಟೆ, ತಲೆನೋವಿನ ಮಾತ್ರೆ ಬೇಕೆಂದು. ಹುಡುಗಿ ಚಪ್ಪಲಿ ಬಿಟ್ಟು ಮೆಷಿನ್ ಹತ್ತಿದಳು. ಮೂವತ್ತೂವರೆ ಕಿಲೋ, ಹೋದ ಸಲಕ್ಕಿಂತ ಮುಕ್ಕಾಲು ಜಾಸ್ತಿ. ಅವನು ಉಸಿರು ಬಿಟ್ಟ. ಅಜ್ಜಿ ಮುಳ್ಳನ್ನು ಬಗ್ಗಿ ನೋಡಿ, "ಹ್ಞೂಂ," ಎಂದಳು.

"ನಾನೂ ನೋಡ್ಕೋತೀನಿ," ಎಂದು ನಾನು ಹತ್ತಿದೆ. ಎಷ್ಟು ತೋರಿಸಿತೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ. ಅಂಗಡಿಯವನು ಕೆಮ್ಮಿದ. ಇಳಿದು, "ಈಗ ನೀನು ಹತ್ತಪ್ಪಾ," ಎಂದೆ ಬೈಂಡರ್‌ಗೆ.

ಅವನು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. "ನನಗ್ಯಾಕೆ," ಎಂದು ಹಿಂದೆ ಸರಿದ. ಆದರೆ ಅಂಕಿ ಎಂದರೆ ಪ್ರಾಣ ಬಿಡುವ ಮಗಳು ಬಿಡಬೇಕಲ್ಲ. "ಹತ್ತಪ್ಪಾ! ಮೊದಲನೇ ಸಲ ತಮಾಷೆಗೆ ಹತ್ತಿದ್ಯಲ್ಲ, ಅರವತ್ತು ಇತ್ತು. ಪುಸ್ತಕದಲ್ಲಿ ಬರ್ದಿದ್ದೀನಿ," ಎಂದು ಬೆನ್ನಿಗೆ ಕೈಕೊಟ್ಟು ತಳ್ಳಿ ನಿಲ್ಲಿಸಿದಳು.

ಮುಳ್ಳು ಐವತ್ತೊಂದರಲ್ಲಿ ನಿಂತಿತು.

ಹುಡುಗಿ ಮೆಷಿನ್ನಿಗೆ ಒಮ್ಮೆ ತಟ್ಟಿದಳು. ಮುಳ್ಳು ಅಲ್ಲಾಡಿ ಮತ್ತೆ ಅಲ್ಲೇ ನಿಂತಿತು. ಅವಳ ತುಟಿ ಸದ್ದಿಲ್ಲದೆ ಏನನ್ನೋ ಕಳೆಯುತ್ತಿತ್ತು, ಕೂಡುತ್ತಿತ್ತು. ಮೂರು ತಿಂಗಳ ಪೆನ್ಸಿಲ್ ಗೆರೆಗಳೆಲ್ಲ ಆ ತಲೆಯೊಳಗೆ ಒಂದೊಂದಾಗಿ ಅಳಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು.

"ಪ್ರೆಸ್ಸಲ್ಲಿ ಊಟ ಕೊಡಲ್ಲ ಅಲ್ವಾ?" ಎಂದಳು.

ಅವನು ಇಳಿದು ಚಪ್ಪಲಿ ಹುಡುಕತೊಡಗಿದ.

"ನಾನು ಉಳಿಸ್ದೆ ಅಂದ್ಕೊಂಡಿದ್ದು ನಿನ್ನ ಊಟಾನಾ?"

"ಹಾಗಲ್ಲ ಪುಟ್ಟಾ..."

ಅವಳು ಅಳಲಿಲ್ಲ. ಅತ್ತಿದ್ದರೆ ನಮಗೆಲ್ಲ ಸುಲಭವಾಗುತ್ತಿತ್ತು. ಅಜ್ಜಿಯ ಕಡೆ ತಿರುಗಿ, ಶನಿವಾರದ ಸಭೆಯಲ್ಲಿ ಎಣ್ಣೆಯ ತೀರ್ಮಾನ ಹೇಳುವ ದನಿಯಲ್ಲೇ ಹೇಳಿದಳು: "ಅಜ್ಜಿ, ನಾನು ನಿಮ್ಮ ಜೊತೆ ಬರ್ತೀನಿ. ಆಗ ಇರೋ ದುಡ್ಡು ಅಪ್ಪ ಒಬ್ಬನಿಗೆ ಸರಿಹೋಗತ್ತೆ. ಹಾಲು, ಮೊಟ್ಟೆ ತೆಗೆದ್ರೆ ದಿನಕ್ಕೆ ಎರಡೂ ಹೊತ್ತು ಬರತ್ತೆ."

ಆರು ತಿಂಗಳಿಂದ ಯಾವ ಮಾತಿಗಾಗಿ ಬಸ್ಸು ಹತ್ತಿ ಬರುತ್ತಿದ್ದಳೋ ಆ ಮಾತು ಅಜ್ಜಿಗೆ ಸಿಕ್ಕಿತ್ತು. ಬೈಂಡರ್ ಅಂಗಡಿಯ ಕಟ್ಟೆ ಹಿಡಿದುಕೊಂಡ. ನಾನು ಮಾಡಬಾರದ್ದು ಮಾಡಿಬಿಟ್ಟೆನೇ ಎಂದುಕೊಂಡೆ.

ಅಜ್ಜಿ ಅಂಗಡಿಯ ಬೆಂಚಿನ ಮೇಲೆ ಕೂತಳು. ಬಹಳ ಹೊತ್ತು ಅಳಿಯನ ಬೆಲ್ಟನ್ನೇ ನೋಡಿದಳು.

"ನನ್ನ ಮಗಳು ಇವನ ಮನೇಲಿ ಅರೆಹೊಟ್ಟೇಲಿ ಇದ್ಲೇನೋ ಅನ್ನೋ ಸಂಕಟ ನನಗೆ," ಎಂದಳು, ಯಾರಿಗೆಂದಿಲ್ಲದೆ. "ಎರಡು ವರ್ಷದಿಂದ ಅದೇ ಕೊರಗು. ಅದಕ್ಕೇ ಈ ಮಗೂನ ತೂಗ್ತಿದ್ದೆ." ಆಮೇಲೆ ಮೊಮ್ಮಗಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. "ನೀನು ಎಲ್ಲಿಗೂ ಬರೋದು ಬೇಡ. ನೀನು ಬಂದ್ರೆ ಇವನು ಆ ಎರಡು ಹೊತ್ತನ್ನೂ ನಿನಗೆ ಅಂತ ತೆಗೆದಿಡ್ತಾನೆ. ಅಕ್ಕಿ ಸಾಲದಿದ್ರೆ ನಾನು ತಂದುಹಾಕ್ತೀನಿ. ಮುಂದಿನ ತಿಂಗಳಿಂದ ಇವನನ್ನೇ ತೂಗೋದು. ಇಳೀತೋ, ನಾನು ನಿನ್ನನ್ನ ಕೇಳ್ತೀನಿ."

ನಾಲ್ವರೂ ಮನೆಗೆ ಬಂದೆವು. ಯಾರೂ ಕರೆಯದಿದ್ದರೂ ನಾನೂ ಮಹಡಿ ಹತ್ತಿದೆ. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಅಳಿಯನನ್ನು ಮಣೆ ಹಾಕಿ ಕೂರಿಸಿ, ತಾನು ಎದುರಿಗೆ ಕೂತಳು. ಹುಡುಗಿ ಪಾತ್ರೆ ತೊಳೆದು ತಂದು ಒಲೆಯ ಮುಂದೆ ನಿಂತಳು.

"ಅಪ್ಪಾ, ಸುಳ್ಳು ಹೇಳ್ಬಾರ್ದು. ಎಷ್ಟು ಅಕ್ಕಿ ಹಾಕ್ಲಿ?"

ಸ್ವಲ್ಪ ಸಾಕು ಎನ್ನಲು ಅವನು ಬಾಯಿ ತೆರೆದ. ಅತ್ತೆಯನ್ನು ನೋಡಿದ, ಮಗಳನ್ನು ನೋಡಿದ. ತಲೆ ತಗ್ಗಿಸಿದ.

"ತುಂಬಾ ಹಸಿವಾಗಿದೆ ಕಣೇ," ಎಂದ.