ಮಾಮಾನ ಕೆಂಪು ಗಾಡಿಗೊಂದು ಹಗುರ ಬ್ಯಾಟರಿ

ಮೊನ್ನೆ ಬಸವನ ಬಾಗೇವಾಡಿಯ ಸಂತೆಯಲ್ಲಿ ರೊಟ್ಟಿ ಹಂಚು ಕೊಳ್ಳಲು ನಿಂತಿದ್ದೆ. ಅಂಗಡಿಯವನು ಎರಡು ಹಂಚು ಮುಂದಿಟ್ಟು, ದಪ್ಪ ಕಬ್ಬಿಣದ್ದನ್ನು ನನ್ನ ಕಡೆ ಸರಿಸಿ, "ಎತ್ತಿ ನೋಡ್ರಿ ಅಕ್ಕಾರ" ಎಂದ. ಎತ್ತಿದೆ. ಮುಂಗೈ ಕಳಕ್ಕೆಂದಿತು. ನಮ್ಮ ಸೀಮೆಯ ವ್ಯಾಪಾರಶಾಸ್ತ್ರವೆಲ್ಲ ಇಷ್ಟರಲ್ಲೇ ಇದೆ ನೋಡಿ. ಕುಂಬಳಕಾಯಿಯಿರಲಿ, ಕೊಡವಿರಲಿ, ಕಂಬಳಿಯಿರಲಿ, ಮೊದಲು ಎತ್ತಿ ನೋಡುತ್ತೇವೆ. ಭಾರವಿದ್ದರೆ ಅಸಲಿ, ಹಗುರವಿದ್ದರೆ ನಕಲಿ. ಅಳಿಯನನ್ನು ಆರಿಸುವಾಗ ಈ ಪದ್ಧತಿ ಇಲ್ಲದಿರುವುದು ಅಳಿಯಂದಿರ ಪುಣ್ಯ.

ಹಂಚು ಕೈಯಲ್ಲಿರುವಾಗಲೇ ಸಿದ್ದಣ್ಣ ಮಾಮಾ ನೆನಪಾದ.

ಸಿದ್ದಣ್ಣ ಮಾಮಾ ನನ್ನ ಅವ್ವನ ಕೊನೆಯ ತಮ್ಮ. ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ. ನನಗಿಂತ ಕೆಲವೇ ವರ್ಷಕ್ಕೆ ದೊಡ್ಡವನಾದ್ದರಿಂದ, ನನ್ನನ್ನು ಅವನಿಗೇ ಕೊಡಬೇಕೆಂದು ಮನೆಯಲ್ಲಿ ಮಾತು ನಡೆದಿತ್ತು. ಆಗ ಅವನಿಗೆ ಹಣಮಪ್ಪನ ಗುಡಿಯ ಮುಂದಿನ ಗುಂಡುಕಲ್ಲು ಎತ್ತುವ ಹುಚ್ಚು. ಎತ್ತಿ, ಎದೆಗೆ ತಂದು, ಹೆಗಲ ಮೇಲಿಂದ ಹಿಂದಕ್ಕೆ ಒಗೆಯುತ್ತಿದ್ದ. ಕಲ್ಲಿಗಿಂತ ಹಗುರವಾದ ಯಾವುದರ ಮೇಲೂ ಅವನ ಕಣ್ಣು ಬೀಳಲಿಲ್ಲ, ನಾನು ಪಾರಾದೆ. ಮುಂದೆ ಅವನಿಗೆ ಸಿಕ್ಕ ಮಾಮಿ ಆ ಕಲ್ಲಿಗಿಂತ ಗಟ್ಟಿ. ದೇವರು ಯಾರಿಗೆ ಏನು ಕೊಡಬೇಕೋ ಅದನ್ನೇ ಕೊಡುತ್ತಾನೆ.

ಇಂಥ ಮಾಮಾ ಕೆಲವು ವರ್ಷದ ಹಿಂದೆ ನಿಂಬೆಯ ಲೋಡಿನ ಜೊತೆ ಪುಣೆಗೆ ಹೋದವನು, ಬರುವಾಗ ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದ. ಹಳೆಯದು. ಎರಡೇ ಬಾಗಿಲು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ಓಡುವ ಗಾಡಿ. ಸೀರೆ ಉಟ್ಟವರು ಮೊದಲು ಕುಂಡಿ ಊರಿ, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ತರಿಸಿಕೊಳ್ಳಬೇಕು. ಪೂಜೆಯ ದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಡಹೋದವರಿಗೆ ಮಾಮಾ, "ಮಾರೂ ಮಾಲು ಗಾಲಿ ಕೆಳಗ ಹಾಕ್ತಾರೇನು?" ಎಂದು ಬೈದು ತೆಗೆಸಿದ. ಗಾಡಿಗೆ ದೃಷ್ಟಿಯಾದದ್ದು ಅದರಿಂದಲೇ ಎಂದು ಮಾಮಿ ಇವತ್ತಿಗೂ ನಂಬಿದ್ದಾಳೆ.

ಓಣಿ ಇಕ್ಕಟ್ಟಾದ್ದರಿಂದ ಗಾಡಿ ಮನೆಯ ತನಕ ಬರುತ್ತಿರಲಿಲ್ಲ. ಓಣಿಯ ಬಾಯಲ್ಲಿದ್ದ ಹಳೆಯ ದನದ ಕೊಟ್ಟಿಗೆಯೇ ಅದರ ಅರಮನೆ. ಅಲ್ಲಿ ಕರೆಂಟಿಲ್ಲ. ಎಂದಾದರೊಮ್ಮೆ ಓಡುವ ಗಾಡಿಯ ಬ್ಯಾಟರಿ ನಿಂತಲ್ಲೇ ಇಳಿದುಹೋಗುತ್ತದೆ. ಹಾಗಾದಾಗಲೆಲ್ಲ ಮಾಮಾ ಡಿಕ್ಕಿಯಿಂದ ಅದನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತು, ಚಾರ್ಜಿಗೆ ಹಾಕಲು ಮನೆಗೆ ತರುತ್ತಿದ್ದ. ಕಟ್ಟೆಯ ಮೇಲಿನ ಮಂದಿ ನೋಡಲಿ ಎಂದು ಸ್ವಲ್ಪ ನಿಧಾನವಾಗಿಯೇ ನಡೆಯುತ್ತಿದ್ದ ಎಂಬುದು ನನ್ನ ಗುಮಾನಿ.

ಆಮೇಲೆ ಹರ್ನಿಯಾ ಆಪರೇಷನ್ ಆಯಿತು. ತುಂಬಿದ ಕೊಡ ಸಹ ಎತ್ತಬೇಡಿ ಎಂದರು ಡಾಕ್ಟರು. ಮಾಮಾ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕೊಟ್ಟಿಗೆಯ ಗಾಡಿಯೂ ತಣ್ಣಗಾಗಿತ್ತು, ಬ್ಯಾಟರಿ ಪೂರಾ ಸತ್ತಿತ್ತು. ಮಾಮಿ ತೀರ್ಪು ಕೊಟ್ಟಳು: "ಅಮಾಸಿಯೊಳಗ ಗಾಡಿ ಚಾಲೂ ಆಗ್ಬೇಕು. ನೀವು ಭಾರ ಎತ್ತಬಾರ್ದು, ಬ್ಯಾಟರಿ ಹೊರಾಕ ಮಂದೀನ ಕರೀಬಾರ್ದು. ಆಗಲಿಲ್ಲಂದ್ರ ಸೊಲ್ಲಾಪುರದಾಂವ ಕೇಳಾಕತ್ತಾನ, ಕೊಟ್ಟ ಕೈ ತೊಳ್ಕೊಳ್ಳೂದು."

ಬ್ಯಾಟರಿಯನ್ನು ಕೈಗಾಡಿಯಲ್ಲಿ ತರಬಹುದಲ್ಲ ಎಂದು ನಾನು ಫೋನಿನಲ್ಲಿ ಹೇಳಿದೆ. "ಯಾಕ, ಅದೇನು ಹಾಸಿಗಿ ಹಿಡದ ಮುದುಕಿ ಐತೇನು?" ಎಂದ ಮಾಮಾ. ಮರುದಿನ ಮೊದಲನೆಯ ಬಸ್ಸಿಗೆ ಬಾಗೇವಾಡಿಗೆ ಬಂದಿಳಿದ. ನನ್ನ ಸಣ್ಣ ಕಾರು ಹೊರಗೆ ತೆಗೆಸಿದ. "ಏ ಹುಡುಗಿ, ಹಗುರನ ಬ್ಯಾಟರಿ ಹುಡುಕೂಣು ನಡಿ" ಎಂದ. ಮಾಸ್ತರಿಕೆಯಿಂದ ನಿವೃತ್ತಳಾದ ನನ್ನನ್ನು ಹುಡುಗಿ ಎನ್ನುವವರು ಇನ್ನು ಉಳಿದಿರುವುದು ಅವನೊಬ್ಬನೇ. ಆ ಲಂಚಕ್ಕೆ ನಾನು ಕೀಲಿ ಹಿಡಿದು ಹೊರಟೆ.

ಮೊದಲು ಹೋದ ಸಿಂದಗಿಯ ಬ್ಯಾಟರಿ ಅಂಗಡಿಯವನು ಮಾಮಾನ ಮಾತು ಕೇಳಿ, ಮೋಟಾರ್ ಸೈಕಲ್ಲಿನ ಬ್ಯಾಟರಿ ತಂದಿಟ್ಟ. ಇದು ಕಾರಿಗೆ, ಎಂಜಿನ್ ತಿರುಗಿಸುವ ಕಸುವು ಬೇಕು ಎಂದೆ ನಾನು. "ಹಂಗಾರ ಇದನ್ನ ತಗೋರಿ. ಎತ್ತಿ ನೋಡ್ರಿ ಯಜಮಾನ್ರ, ಕಲ್ಲು ಇದ್ದಂಗ ಐತಿ!" ಎಂದು ಸೀಸದ ದೊಡ್ಡ ಬ್ಯಾಟರಿ ಮುಂದಿಟ್ಟ. ಕಲ್ಲು ಎಂಬ ಮಾತಿಗೆ ಮಾಮಾನ ಮುಖ ಅರಳಿತು. ಮರುಕ್ಷಣ ಎರಡೂ ಕೈ ಬೆನ್ನ ಹಿಂದೆ ಹೋದವು.

"ನಮಗ ಸ್ಪೀಡ್ ಬೇಕ್ರಿ. ಭಾರ ಇದ್ರ ಗಾಡಿ ಓಡಂಗಿಲ್ಲ" ಎಂದ, ಗಂಟಲು ಸರಿಮಾಡಿಕೊಂಡು.

ಮುದ್ದೇಬಿಹಾಳದಲ್ಲೂ ಅದೇ ಕತೆ. ಅಲ್ಲಿಯವನು ಭಾರವೇ ಗ್ಯಾರಂಟಿ ಎಂದ, ಹಗುರವಾದದ್ದು ಒಂದು ಮಳೆಗಾಲಕ್ಕೂ ತಡೆಯುವುದಿಲ್ಲ ಎಂದ, ಕೊನೆಗೆ ಎತ್ತಿ ನೋಡ್ರಿ ಎಂದ. ಮಾಮಾನ ಕೈ ಮತ್ತೆ ಬೆನ್ನ ಹಿಂದೆ. ಇಡೀ ಸೀಮೆ ಎತ್ತಿ ನೋಡು ಎನ್ನುತ್ತಿರುವಾಗ, ಒಂದು ಕಾಲಕ್ಕೆ ಎಲ್ಲವನ್ನೂ ಎತ್ತಿದ ಮನುಷ್ಯ ಕೈ ಅಡಗಿಸಿಕೊಂಡು ಸ್ಪೀಡಿನ ಸುಳ್ಳು ಹೇಳುವುದನ್ನು ನೋಡಿ ನನಗೆ ಸಂಕಟವಾಯಿತು. ಬರುವಾಗ ದಾರಿಯುದ್ದಕ್ಕೂ ಅವನು ನನ್ನ ಗಾಡಿ ಎಮ್ಮೆಯ ಹಾಗೆ ನಡೆಯುತ್ತದೆಂದು ಹೀಯಾಳಿಸಿದ. ಆಗ ಸಂಕಟ ತಾನಾಗಿಯೇ ಕಡಿಮೆಯಾಯಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಬೇಕಾದವನು ಸಿಕ್ಕಿದ್ದು ನನ್ನದೇ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹಿಂದೆ. ಅವನ ಅಂಗಡಿಯಲ್ಲೂ ಭಾರದ ಮಾಲೇ ಇತ್ತು, ಆದರೆ ಹಗುರವಾದ ಲಿಥಿಯಂ ಬ್ಯಾಟರಿ ಪುಣೆಯಿಂದ ತರಿಸಿಕೊಡುತ್ತೇನೆಂದ. ನಿಮ್ಮ ಗಾಡಿಯಲ್ಲಿ ಬ್ಯಾಟರಿ ಕೂಡುವ ತಟ್ಟೆಯ ಅಳತೆ ಏನು, ಪ್ಲಸ್ ಯಾವ ಕಡೆ, ವಾಯರು ಮುಟ್ಟುತ್ತದೋ ಇಲ್ಲವೋ ಎಂದೆಲ್ಲ ವಿಚಾರಿಸಿದ. ಇದಕ್ಕೆ ಚಾರ್ಜರೇ ಬೇರೆ, ಹಳೆಯದು ಹಚ್ಚಿದರೆ ಕೆಟ್ಟೀತು ಎಂದ. ಅದಕ್ಕೆ ಎಂಜಿನ್ನಿನ ಕಾವು ಆಗುವುದಿಲ್ಲವಂತೆ, ಆದರೆ ನಿಮ್ಮದು ಡಿಕ್ಕಿಯಲ್ಲಿರುವುದರಿಂದ ನಡೆಯುತ್ತದೆ ಎಂದ. ಬೆಲೆ ಕೇಳಿ ನಾನು ಕುರ್ಚಿ ಹುಡುಕಿದೆ. ಮಾಮಾ ಮಾತ್ರ ಒಂದೇ ಪ್ರಶ್ನೆ ಕೇಳಿದ: "ಕೊಡಕ್ಕಿಂತ ಹಗುರ ಐತೇನ್ರಿ?"

"ತುಂಬಿದ ಕೊಡ ಎಲ್ಲಿ, ಇದೆಲ್ಲಿ! ಬಗಲಾಗ ಇಟ್ಕೊಂಡ ಹೋಗ್ರಿ."

ಅಮಾವಾಸ್ಯೆಯ ಹಿಂದಿನ ದಿನ ಬ್ಯಾಟರಿ ಬಂತು. ಮಾಮಾನನ್ನೂ ಅದನ್ನೂ ಕೂಡಿಸಿಕೊಂಡು ಇಂಡಿಗೆ ಹೋದೆ. ಕಟ್ಟೆಯ ಮಂದಿ ಅದನ್ನು ಕೈಯಿಂದ ಕೈಗೆ ಎತ್ತಿ ನೋಡಿದರು. ಒಬ್ಬ ಮುದುಕ ಕಲ್ಲಂಗಡಿಯ ಹಾಗೆ ಬೆರಳಿಂದ ತಟ್ಟಿ, "ಸಿದ್ದಣ್ಣಾ, ಒಳಗ ಏನೂ ಹಾಕಿಲ್ಲೋ! ಖಾಲಿ ಡಬ್ಬಿ ಕೊಟ್ಟಾರ ನಿನಗ" ಎಂದು ತೀರ್ಮಾನಿಸಿದ. ಉಳಿದವರು ಹೌದೌದೆಂದರು. ಮಾಮಿ ಸೊಲ್ಲಾಪುರದವನ ನಂಬರು ತೆಗೆದು ಕೈಯಲ್ಲಿ ಫೋನು ಹಿಡಿದೇ ನಿಂತಳು.

ಆಗ ಮಾಮಾನ ಕೈಗಳು ಬೆನ್ನ ಹಿಂದಿನಿಂದ ಹೊರಗೆ ಬಂದವು. ಬ್ಯಾಟರಿಯನ್ನು ಒಂದೇ ಕೈಯಲ್ಲಿ ಎತ್ತಿ, ಕೊಟ್ಟಿಗೆಗೆ ನಡೆದ. ಅದೇ ಹಳೆಯ ನಿಧಾನದ ನಡಿಗೆ. ಯಾರೂ ಕರೆಯದಿದ್ದರೂ ಕಟ್ಟೆಯೆಲ್ಲ ಹಿಂದೆ ಹೋಯಿತು. ಜೋಡಿಸಿ, ವಿಭೂತಿ ಹಚ್ಚಿ, ಕೀಲಿ ತಿರುವಿದ. ಗಾಡಿ ಒಮ್ಮೆ ಗೊರಕ್ಕೆಂದು ಸುಮ್ಮನಾಯಿತು. ಮುದುಕ ನನ್ನ ಕಡೆ ನೋಡಿದ. ನಾನು ದೇವರ ಕಡೆ ನೋಡಿದೆ. ಎರಡನೆಯ ಸಲಕ್ಕೆ ಎಂಥಾ ಗರ್ಜನೆ ಹೊಡೆಯಿತೆಂದರೆ ಅಟ್ಟದ ಮೇಲಿನ ಕೋಳಿಗಳೆಲ್ಲ ಕೆಳಗೆ ಬಿದ್ದವು. ನಾನು ನಾಚಿಕೆ ಬಿಟ್ಟು ಚಪ್ಪಾಳೆ ಹೊಡೆದೆ.

ಮಾಮಿ ಫೋನು ಸೆರಗಿನಲ್ಲಿ ಸೇರಿಸಿದಳು. "ಮತ್ತ, ಮುದ್ದೇಬಿಹಾಳಕ್ಕ ಮಗಳ ಕಡೆ ಹೋಗಿಬರೂಣು" ಎಂದಳು, ಏನೂ ಆಗಿಲ್ಲವೆಂಬಂತೆ.

ಮಗಳ ಮನೆಗೆ ಯಾರಾದರೂ ಬರಿಗೈಲಿ ಹೋಗುತ್ತಾರೆಯೇ? ಓಣಿಯ ಇಬ್ಬರು ಜೋಳದ ಚೀಲ ತಂದು ಡಿಕ್ಕಿಗೆ ಹಾಕಿದರು. ಅದರ ಮೇಲೆ ಕುಂಬಳಕಾಯಿ, ನಿಂಬೆಹಣ್ಣಿನ ಬುಟ್ಟಿ, ಕಡಕ್ ರೊಟ್ಟಿಯ ಗಂಟು. ಮಾಮಿ ಕಾಲು ಒಳಗೆಳೆದುಕೊಂಡು ಕೂತ ಮೇಲೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗಿಯೇಬಿಟ್ಟಿತು. ನನಗೆ ನಗೆ ತಡೆಯಲಾಗಲಿಲ್ಲ.

"ಮಾಮಾ, ಇಷ್ಟೆಲ್ಲಾ ತ್ರಾಸ ತಗೊಂಡು ಗಾಡಿ ಹಗುರ ಮಾಡಿದ್ದು ಈ ಚೀಲ ಹೇರಾಕೇನು?"

ಮಾಮಾ ಕಿಟಕಿಯಿಂದ ತಲೆ ಹೊರಹಾಕಿ, ಯಾರಿಗೂ ಕೇಳದ ಹಾಗೆ ಹೇಳಿದ: "ಗಾಡಿ ಎಷ್ಟರೇ ಭಾರ ಆಗ್ಲಿ ಬಿಡು, ಅದನ್ನ ಎಂಜಿನ್ ಎಳೀತೈತಿ. ಬ್ಯಾಟರಿ ಎತ್ತಾಂವ ನಾ ಅಲ್ಲೇನ ಹುಡುಗಿ?"

ಕೆಂಪು ಗಾಡಿ ಎಮ್ಮೆಯ ಹಾಗೆ ನಡೆಯುತ್ತ ಹೋಯಿತು. ಅವತ್ತು ನನಗಾದಷ್ಟು ಸಂತೋಷ ನನ್ನ ಸ್ವಂತ ಕಾರು ಕೊಂಡಾಗಲೂ ಆಗಿರಲಿಲ್ಲ.

ಮೊನ್ನೆ ಸಂತೆಯಲ್ಲಿ ಇದೆಲ್ಲ ನೆನೆದು, ದಪ್ಪ ಕಬ್ಬಿಣದ ಹಂಚು ಕೆಳಗಿಟ್ಟೆ. ತೆಳುವಾದದ್ದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಅಂಗಡಿಯವನಿಗೆ ಗಾಬರಿಯಾಯಿತು.

"ಅಕ್ಕಾರ, ಅದು ಹಗುರ ಐತ್ರಿ, ಬಾಳಿಕಿ ಬರಂಗಿಲ್ಲ. ಭಾರದ್ದು ಒಯ್ರಿ, ಬೇಕಾದ್ರ ಮನಿ ತನಕ ಯಾರ ಕೈಲಾದ್ರೂ ಕಳಸ್ತೇನಿ."

"ಮನಿಗೇನೋ ಕಳಸ್ತಿ ತಮ್ಮಾ," ಎಂದೆ. "ದಿನಾ ಒಲಿ ಮ್ಯಾಲೆ ಇಡಾಕಿ, ಇಳಸಾಕಿ ನಾನ ಅಲ್ಲೇನು?"